ಮುಳುಗಿದ ಊರಿಗೆ ಬಂದ ಟ್ರೋಫಿ

ಹೋದ ಸಂಚಿಕೇಲಿ ಒಂದೇ ಸಾಲು ಬರ್ದಿದ್ದೆ, ಅಮೆರಿಕದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಫುಟ್‌ಬಾಲ್ ತಂಡ 2009ರ ಸೀಸನ್ ಗೆದ್ದ ಕಥೆ ನಮ್ಮ ಕರಾವಳಿಯವ್ರಿಗೆ ಬೇಗ ಅರ್ಥ ಆಗ್ತದೆ ಅಂತ. ಅದಕ್ಕೆ ಇಷ್ಟು ಪತ್ರ, ಇಷ್ಟು ವಾಟ್ಸಾಪ್ ಬರ್ತದೆ ಅಂತ ಅಂದ್ಕೊಂಡಿರ್ಲಿಲ್ಲ. ಹಾಗಾಗಿ ಈ ಸಲದ ಪ್ರಶ್ನೋತ್ತರ ಪೂರ್ತಿ ಅದಕ್ಕೇ ಬಿಟ್ಟಿದೇನೆ.

ಅಮೆರಿಕದವ್ರ ಫುಟ್‌ಬಾಲ್ ಟೀವೀಲಿ ಒಂದೆರಡು ಸಲ ನೋಡಿದೆ, ಡಿಕ್ಕಿ ಹೊಡ್ಕೊಂಡು ಬೀಳೋದು ಬಿಟ್ರೆ ಎಂತದೂ ತಿಳೀಲಿಲ್ಲ. ಕಬಡ್ಡಿ ಗೊತ್ತಿರೋರಿಗೆ ತಿಳಿಯೋ ಹಾಗೆ ಹೇಳ್ತೀರಾ?
ಓದುಗರು, ಕೋಡಿಬಾಗ, ಕಾರವಾರ

ಕಬಡ್ಡಿ ಗೊತ್ತಿದ್ರೆ ಅರ್ಧ ಗೊತ್ತಿದ್ದ ಹಾಗೇ. ಒಂದೊಂದು ಕಡೆ 11 ಜನ. ಚೆಂಡು ಇರೋ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗ್ಬೇಕು, ಅಂದ್ರೆ ನಮ್ಮ ಕಬಡ್ಡಿ ಅಂಕಣದ ಅಗಲಕ್ಕಿಂತ ಸ್ವಲ್ಪ ಕಮ್ಮಿ. ಹೋದ್ರೆ ಮತ್ತೆ ನಾಲ್ಕು ಸಿಗ್ತದೆ, ಆಗ್ದಿದ್ರೆ ಚೆಂಡು ಎದುರು ತಂಡಕ್ಕೆ. ಹಾಗೇ ನೂಕ್ತಾ ನೂಕ್ತಾ ಎದುರಿನವ್ರ ಕೊನೇ ಗೆರೆ ದಾಟಿಸಿದ್ರೆ ಟಚ್‌ಡೌನ್, 6 ಪಾಯಿಂಟ್, ಆಮೇಲೆ ಒದ್ದು 1 ತಗೊಳ್ಬಹುದು ಇಲ್ಲಾ ಇನ್ನೊಂದ್ಸಲ ನುಗ್ಗಿ 2. ದೂರದಿಂದ ಕಂಬಗಳ ನಡುವೆ ಒದ್ರೆ ಫೀಲ್ಡ್ ಗೋಲ್, 3. ಚೆಂಡು ಎಸೆಯೋ, ಆಟ ನಡೆಸೋ ಆಟಗಾರ ಕ್ವಾರ್ಟರ್‌ಬ್ಯಾಕ್. ಒಟ್ಟು 32 ತಂಡ, ಕೊನೇಲಿ ಉಳಿದ ಎರಡರ ನಡುವೆ ಸೂಪರ್ ಬೌಲ್. ಮುಂದಿನದಕ್ಕೆ ಇಷ್ಟು ಸಾಕು.

ನನ್ನ ಮಗ ಟೆಕ್ಸಾಸ್‌ನಲ್ಲಿದಾನೆ. ನಿಮ್ಮ ಸಾಲು ಫೋನಲ್ಲಿ ಓದಿ ಹೇಳ್ದೆ, "ಅಪ್ಪಾ, ಸೇಂಟ್ಸ್ ಗೆದ್ದಿದ್ದು ಒಂದೇ ಸಲ, ಅದಕ್ಕಿಂತ ದೊಡ್ಡ ತಂಡ ಬೇಕಾದಷ್ಟಿದೆ" ಅಂದ. ಅವ್ನು ಹೇಳೋದು ಸರಿಯಾ?
ಓದುಗರು, ಶಿರಸಿ

ರಾಯರೆ, ನಿಮ್ಮ ಮಗ ಹೇಳಿದ್ದು ಸರಿ, ಒಂದೇ ಸಲ. ಆ ಒಂದಕ್ಕೆ ಅವ್ರು ಎಷ್ಟು ಕಾದ್ರು ಅಂತ ಅವ್ನಿಗೆ ಹೇಳಿ. ತಂಡ ಸಿಕ್ಕಿದ್ದು 1966ರ ನವೆಂಬರ್ 1ಕ್ಕೆ, ಕ್ರೈಸ್ತರು ಎಲ್ಲ ಸಂತರನ್ನ ನೆನೆಯೋ ದಿನ, ಹೆಸರು ಹಾಗೇ ಬಂತು. ಆಡ್ಲಿಕ್ಕೆ ಶುರು ಮಾಡಿದ್ದು 1967. ಸೋಲಿಗಿಂತ ಗೆಲುವು ಜಾಸ್ತಿ ಇದ್ದ ಮೊದಲ ಸೀಸನ್ ಯಾವ್ದು ಗೊತ್ತುಂಟಾ, 1987! ಇಪ್ಪತ್ತು ವರ್ಷ. 1980ರಲ್ಲಿ 16ರಲ್ಲಿ ಒಂದೇ ಒಂದು ಮ್ಯಾಚ್ ಗೆದ್ರು, ಆಗ ಅಭಿಮಾನಿಗಳು ಮುಖ ಕಾಣ್ಬಾರದು ಅಂತ ತಲೆಗೆ ಕಾಗದದ ಚೀಲ ಹಾಕ್ಕೊಂಡು ಸ್ಟೇಡಿಯಂಗೆ ಬರ್ತಿದ್ರು. ನಂಗೆ ಅದ್ರಲ್ಲಿ ಮನಸ್ಸಿಗೆ ತಟ್ಟೋದು ಚೀಲ ಅಲ್ಲ, ಚೀಲ ಹಾಕ್ಕೊಂಡಾದ್ರೂ ಬಂದ್ರಲ್ಲ ಅನ್ನೋದು.

ಆಮೇಲೆ 2005ರ ಆಗಸ್ಟ್ 29, ಕತ್ರೀನಾ ಚಂಡಮಾರುತ. ನ್ಯೂ ಆರ್ಲಿಯನ್ಸ್ ಊರಿನ ಬಹಳಷ್ಟು ಭಾಗ ಸಮುದ್ರಮಟ್ಟಕ್ಕಿಂತ ಕೆಳಗೆ ಇದೆ, ಒಡ್ಡು ಕಟ್ಟಿ ನೀರು ತಡೆದು ಬದುಕೋ ಊರು ಅದು, ನಮ್ಮಲ್ಲಿ ಗಜನಿ ಗದ್ದೆಗೆ ಖಾರ್‌ಲ್ಯಾಂಡ್ ಕಟ್ಟೆ ಹಾಕಿ ಉಪ್ಪುನೀರು ತಡೀತೇವಲ್ಲ, ಹಾಗೆ, ಆದ್ರೆ ಇಡೀ ನಗರಕ್ಕೆ. ಆ ಒಡ್ಡುಗಳು ಒಡೆದು ಊರಿನ ಸುಮಾರು ನೂರಕ್ಕೆ ಎಂಬತ್ತು ಭಾಗ ನೀರಲ್ಲಿ ಹೋಯ್ತು. ಸಾವಿರಕ್ಕೂ ಹೆಚ್ಚು ಜನ ಸತ್ರು. ಕಟ್ಟೆ ಒಡೆದ್ರೆ ಎಂತ ಆಗ್ತದೆ ಅಂತ ನಮ್ಮ ಕುಮಟಾ, ಅಂಕೋಲಾ ಕಡೆಯವ್ರಿಗೆ ನಾನು ಹೇಳ್ಬೇಕಾಗಿಲ್ಲ.

2019ರ ಗಂಗಾವಳಿ ನೆರೆಯಲ್ಲಿ ನಮ್ಮ ಶಾಲೆ ಕಾಳಜಿ ಕೇಂದ್ರ ಆಗಿತ್ತು. ನೀರು ಇಳಿದ್ಮೇಲೆ ಅದೇ ಅಂಗಳದಲ್ಲಿ ಮಕ್ಕಳಿಗೆ ಆಟ ಆಡಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ, ಜನ ಅಷ್ಟು ಅತ್ತ ಜಾಗ ಅಲ್ವಾ ಅನ್ನಿಸ್ತಿತ್ತು. ನಿಮ್ಮ ಸೇಂಟ್ಸ್ ತಂಡಕ್ಕೂ ಹೀಗೇ ಆಗಿತ್ತು ಅಂತ ಕೇಳಿದೆ, ಹೌದಾ?
ಶಿಕ್ಷಕಿ, ಅಂಕೋಲಾ ತಾಲೂಕು

ಅಕ್ಕೋರೆ, ನಿಮ್ಮ ಪತ್ರ ಎರಡು ಸಲ ಓದ್ದೆ. ಆ ಆಗಸ್ಟಲ್ಲಿ ನಾನೂ ಗಂಗಾವಳಿ ದಂಡೆಗೆ ಬಂದಿದ್ದೆ, ಒಂದು ಶಾಲೆಯ ಗೋಡೆ ಮೇಲೆ ಕೆಸರಿನ ಗೆರೆ ಇತ್ತು, ಪಕ್ಕದಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿ ನಿಂತಿದ್ಲು, ಗೆರೆ ಅವಳ ಕುತ್ತಿಗೆಗೆ ಸರೀ ಬರ್ತಿತ್ತು. ಅದ್ರ ಕೆಳಗೆ ಕನ್ನಡ ವರ್ಣಮಾಲೆ ಬರ್ದಿದ್ದು ಅರ್ಧ ಅಳಿಸಿಹೋಗಿತ್ತು. ಅದು ಈಗ್ಲೂ ಕಣ್ಣಲ್ಲಿದೆ.

ನ್ಯೂ ಆರ್ಲಿಯನ್ಸ್‌ನಲ್ಲೂ ಹಾಗೇ ಆಯ್ತು. ಸೇಂಟ್ಸ್ ಆಡೋ ಜಾಗ ಸೂಪರ್‌ಡೋಮ್, ದೊಡ್ಡ ಗುಮ್ಮಟದ ಸ್ಟೇಡಿಯಂ. ಊರು ಬಿಡ್ಲಿಕ್ಕೆ ಗಾಡಿ ಇಲ್ದವ್ರು, ಬಡವ್ರು, ವಯಸ್ಸಾದವ್ರು ಸಾವಿರಾರು ಜನ ಅಲ್ಲಿ ಬಂದು ಸೇರಿದ್ರು. ಗಾಳಿಗೆ ಗುಮ್ಮಟದ ಮೇಲ್ಹೊದಿಕೆ ಕಿತ್ತುಹೋಯ್ತು, ಕರೆಂಟು ಹೋಯ್ತು, ಪಾಯಿಖಾನೆ ತುಂಬಿ ಹರೀತು, ಸೆಖೆಯಲ್ಲಿ ದಿನಗಟ್ಲೆ ಕೂತಿದ್ರು. ಸೇಂಟ್ಸ್ ಆ ವರ್ಷ ಮನೆ ಇಲ್ದೇ ತಿರುಗಿದ್ರು, ತವರಿನ ಮ್ಯಾಚು ಸ್ಯಾನ್ ಆಂಟೋನಿಯೋದಲ್ಲಿ ಕೆಲವು, ಬ್ಯಾಟನ್ ರೂಜ್‌ನಲ್ಲಿ ಕೆಲವು, ಒಂದಂತೂ ನ್ಯೂಯಾರ್ಕ್ ಕಡೆ ಎದುರಾಳಿಯದ್ದೇ ಮೈದಾನದಲ್ಲಿ. 3 ಗೆದ್ರು, 13 ಸೋತ್ರು. ತಂಡ ಇನ್ನು ಈ ಊರಿಗೆ ಬರೋದಿಲ್ಲ, ಬೇರೆ ಕಡೆ ಹೋಗಿಬಿಡ್ತದೆ ಅಂತ ಎಲ್ಲಾ ಕಡೆ ಮಾತು.

ಬಂತು ಅಕ್ಕೋರೆ. 2006ರ ಸೆಪ್ಟೆಂಬರ್ 25, ಸೋಮವಾರ ರಾತ್ರಿ, ರಿಪೇರಿ ಮಾಡಿದ ಅದೇ ಸೂಪರ್‌ಡೋಮಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಎದುರು ಮ್ಯಾಚ್. ಆಟ ಶುರುವಾಗಿ ಎರಡು ನಿಮಿಷ ಆಗಿರ್ಲಿಲ್ಲ, ಅಟ್ಲಾಂಟಾದವ್ರಿಗೆ ಮುಂದೆ ಹೋಗ್ಲಿಕ್ಕೆ ಆಗ್ಲಿಲ್ಲ, ಚೆಂಡನ್ನ ದೂರ ಒದೀಲಿಕ್ಕೆ ನಿಂತ್ರು, ಸ್ಟೀವ್ ಗ್ಲೀಸನ್ ಅನ್ನೋ ಸೇಂಟ್ಸ್ ಆಟಗಾರ ನಡುವಿನ ಸಂದಿಯಿಂದ ನುಗ್ಗಿ ಎರಡೂ ಕೈ ಚಾಚಿ ಹಾರಿದ, ಕಾಲಿಂದ ಹೊರಟ ಚೆಂಡು ಅವನ ಕೈಗೆ ಬಡಿದು ಹಿಂದಕ್ಕೆ ಉರುಳ್ತು, ಸೇಂಟ್ಸ್‌ನ ಇನ್ನೊಬ್ಬ ಅಟ್ಲಾಂಟಾದವ್ರ ಕೊನೇ ಗೆರೆಯಾಚೆ ಅದ್ರ ಮೇಲೆ ಬಿದ್ದ, ಟಚ್‌ಡೌನ್. ಆ ವಿಡಿಯೋ ನೋಡಿ, ಆ ಕ್ಷಣದಲ್ಲಿ ಜನರ ಕೂಗು ಕೇಳಿ, ಅದು ಬರೀ ಆರು ಪಾಯಿಂಟಿಗೆ ಬರೋ ಕೂಗಲ್ಲ. 23-3ಕ್ಕೆ ಗೆದ್ರು. ಸ್ಟೇಡಿಯಂ ಹೊರಗೆ ಆ ಹಾರಿದ ಭಂಗಿಯದ್ದೇ ಕಂಚಿನ ಮೂರ್ತಿ ಇದೆ ಈಗ, ಹೆಸರು ಮರುಹುಟ್ಟು ಅಂತ ಅರ್ಥ ಬರೋದು. ಗ್ಲೀಸನ್‌ಗೆ 2011ರಲ್ಲಿ ಎಎಲ್‌ಎಸ್ ಕಾಯಿಲೆ ಅಂತ ಗೊತ್ತಾಯ್ತು, ಸ್ನಾಯು ಒಂದೊಂದೇ ಕೆಲಸ ನಿಲ್ಲಿಸೋ ಕಾಯಿಲೆ, ಆದ್ರೂ ಅಂಥಾ ರೋಗಿಗಳಿಗೋಸ್ಕರ ಕೆಲಸ ಮಾಡ್ತಾ ಬಂದ. 2009ರ ಗೆದ್ದ ತಂಡದಲ್ಲಿ ಅವ ಇರ್ಲಿಲ್ಲ, ಮೊದ್ಲೇ ನಿವೃತ್ತಿ ಆಗಿದ್ದ, ಆದ್ರೂ ಕೋಚ್ ಆಮೇಲೆ ಅವನಿಗೂ ಚಾಂಪಿಯನ್ ಉಂಗುರ ಕೊಟ್ರು. ಕೊಟ್ಟದ್ದು ನ್ಯಾಯವೇ. ನನ್ನ ಪ್ರಕಾರ ಆ ಸೀಸನ್ ಶುರುವಾದದ್ದೇ ಆ ರಾತ್ರಿ, ಮೂರು ವರ್ಷ ಮೊದ್ಲು.

ಮಕ್ಕಳಿಗೆ ಅಲ್ಲೇ ಆಡ್ಸಿ ಅಕ್ಕೋರೆ, ಆ ಅಂಗಳದಲ್ಲೇ.

ಸೀಸನ್ ಬಗ್ಗೆ ಹೇಳಿ ಸರ್, ಒಂದೊಂದು ಮ್ಯಾಚೂ ಬೇಕು!
ಕಾಲೇಜು ವಿದ್ಯಾರ್ಥಿ, ಕುಮಟಾ

ತಮ್ಮಾ, ಎಲ್ಲಾ ಬರೀಲಿಕ್ಕೆ ಪುಟ ಸಾಲೋದಿಲ್ಲ, ಮುಖ್ಯವಾದದ್ದು ಹೇಳ್ತೇನೆ. ಕೋಚ್ ಶಾನ್ ಪೇಟನ್, ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್. ಇಬ್ರೂ 2006ರಲ್ಲೇ ಬಂದವ್ರು. ಬ್ರೀಸ್ ಬರುವಾಗ ಅವನ ಎಸೆಯೋ ಭುಜವೇ ಹರಿದು ಆಪರೇಷನ್ ಆಗಿತ್ತು, ಅವನನ್ನ ತಗೊಳ್ಬೇಕಂತಿದ್ದ ಮಯಾಮಿ ತಂಡದ ಡಾಕ್ಟ್ರು ಹಿಂದೇಟು ಹಾಕಿದ್ರು, ಮುರಿದ ಊರು ಮುರಿದ ಭುಜದವನನ್ನ ಕರ್ಕೊಂಡಿತು.

2009ರಲ್ಲಿ ಮೊದಲ ಮ್ಯಾಚಲ್ಲೇ ಬ್ರೀಸ್ 6 ಟಚ್‌ಡೌನ್ ಎಸೆದ. ಮೊದಲ 13 ಮ್ಯಾಚೂ ಗೆದ್ರು. ಮಯಾಮಿ ಎದುರು 24-3 ಹಿಂದೆ ಬಿದ್ದವ್ರು 46-34ಕ್ಕೆ ಗೆದ್ದು ಬಂದ್ರು. ವಾಷಿಂಗ್ಟನ್ ಎದುರು ಇನ್ನೂ ಕಷ್ಟ, ಬ್ರೀಸ್ ಎಸೆದ ಚೆಂಡು ಎದುರಾಳಿ ಹಿಡ್ಕೊಂಡ, ಸೇಂಟ್ಸ್‌ನ ರಾಬರ್ಟ್ ಮೀಚಮ್ ಅವನ ಕೈಯಿಂದ್ಲೇ ಕಿತ್ಕೊಂಡು ಓಡಿ ಟಚ್‌ಡೌನ್ ಮಾಡ್ದ, ಕೊನೇಲಿ ವಾಷಿಂಗ್ಟನ್‌ನವ್ರು ಹತ್ರದ ಫೀಲ್ಡ್ ಗೋಲನ್ನೂ ಗುರಿ ತಪ್ಪಿ ಒದ್ರು, ಹೆಚ್ಚುವರಿ ಸಮಯದಲ್ಲಿ 33-30. ಆಮೇಲೆ ಡಲ್ಲಾಸ್ ಎದುರು ಮೊದಲ ಸೋಲು, ಹಾಗೇ ಕೊನೇ ಮೂರೂ ಸೋತು 13-3ಕ್ಕೆ ನಿಂತ್ರು. ಆ ಮೂರರಲ್ಲಿ ಟ್ಯಾಂಪಾ ಎದುರು ಗ್ಯಾರೆಟ್ ಹಾರ್ಟ್ಲಿ ಅನ್ನೋ 23 ವರ್ಷದ ಕಿಕ್ಕರ್ ಕೊನೇ ಗಳಿಗೇಲಿ 37 ಗಜದ ಕಿಕ್ ತಪ್ಪಿಸಿದ್ದ, ಈ ಹೆಸರು ನೆನಪಿಟ್ಕೋ.

ಪ್ಲೇಆಫಲ್ಲಿ ಅರಿಜೋನಾವನ್ನ 45-14ಕ್ಕೆ ಹೊಡೆದ್ರು. ಸೆಮಿಫೈನಲ್ ಥರದ್ದು ಮಿನೆಸೋಟಾ ಎದುರು, ಅಲ್ಲಿ 40 ವರ್ಷದ ಬ್ರೆಟ್ ಫಾವ್ರ್. 28-28, ಮಿನೆಸೋಟಾ ಗೆಲ್ಲೋ ಹತ್ರ ಬಂದಿತ್ತು, ಫಾವ್ರ್ ಓಡ್ತಾ ಅಡ್ಡಕ್ಕೆ ಎಸೆದ, ಟ್ರೇಸಿ ಪೋರ್ಟರ್ ಹಿಡಿದ. ಹೆಚ್ಚುವರಿ ಸಮಯ. 40 ಗಜದಿಂದ ಒದೀಲಿಕ್ಕೆ ಬಂದವ ಯಾರು? ಅದೇ ಹಾರ್ಟ್ಲಿ. ಹೋಯ್ತು ಕಂಬದ ನಡುವೆ. 43 ವರ್ಷದಲ್ಲಿ ಮೊದಲ ಸಲ ಸೂಪರ್ ಬೌಲಿಗೆ.

ಫೈನಲಲ್ಲಿ ಎಂತದೋ ಮೋಸದ ಕಿಕ್ ಮಾಡಿ ಗೆದ್ರು ಅಂತಾರಲ್ಲ, ಅದು ಎಂತ?
ಓದುಗರು, ಹೊನ್ನಾವರ

ಮೋಸ ಅಲ್ಲ ಮಾರಾಯ್ರೆ, ಆಗ ನಿಯಮದಲ್ಲೇ ಇತ್ತು. 2010ರ ಫೆಬ್ರವರಿ 7, ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಜಾವ, ಇಂಡಿಯಾನಾಪೊಲಿಸ್ ಕೋಲ್ಟ್ಸ್ ಎದುರು ಮಯಾಮಿಯಲ್ಲಿ. ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್, ಆ ಕಾಲದ ದೊಡ್ಡ ಹೆಸರು, ಹುಟ್ಟಿದ್ದು ನ್ಯೂ ಆರ್ಲಿಯನ್ಸ್‌ನಲ್ಲೇ, ಅವನಪ್ಪ ಆರ್ಚಿ ಮ್ಯಾನಿಂಗ್ ಸೇಂಟ್ಸ್ ಸೋಲ್ತಾ ಇದ್ದ ವರ್ಷಗಳಲ್ಲಿ ಅದೇ ತಂಡದ ಕ್ವಾರ್ಟರ್‌ಬ್ಯಾಕ್. ಮಧ್ಯಂತರಕ್ಕೆ ಕೋಲ್ಟ್ಸ್ 10-6 ಮುಂದೆ.

ದ್ವಿತೀಯಾರ್ಧ ಶುರು ಮಾಡ್ಲಿಕ್ಕೆ ಸೇಂಟ್ಸ್ ಚೆಂಡನ್ನ ಕೋಲ್ಟ್ಸ್‌ಗೆ ಒದ್ದು ಕೊಡ್ಬೇಕು. ಎಲ್ರೂ ದೂರ ಒದೀತಾರೆ. ಆದ್ರೆ ಆಗಿನ ನಿಯಮದಲ್ಲಿ ಮುಂಚೆ ಹೇಳ್ದೇ ಹತ್ರ ಒದ್ರೂ ಚೆಂಡು 10 ಗಜ ದಾಟಿದ್ಮೇಲೆ ಒದ್ದವ್ರೂ ಅದನ್ನ ಹಿಡ್ಕೊಳ್ಬಹುದಿತ್ತು, ಅದಕ್ಕೇ ಆನ್‌ಸೈಡ್ ಕಿಕ್ ಅನ್ನೋದು. ಸೋಲೋ ತಂಡ ಕೊನೇ ನಿಮಿಷದಲ್ಲಿ ಬೇರೆ ದಾರಿ ಇಲ್ದೇ ಮಾಡೋದು ಅದು, ಅದಕ್ಕಿಂತ ಮೊದ್ಲು ಸೂಪರ್ ಬೌಲಲ್ಲಿ ನಾಲ್ಕನೇ, ಅಂದ್ರೆ ಆಟದ ಕೊನೇ ಕ್ವಾರ್ಟರ್‌ಗಿಂತ ಮುಂಚೆ ಯಾರೂ ಮಾಡಿರ್ಲಿಲ್ಲ. ಸೇಂಟ್ಸ್ ಕೋಚ್ ಶಾನ್ ಪೇಟನ್ ಮಧ್ಯಂತರದಲ್ಲಿ ಹುಡುಗ್ರಿಗೆ ಹೇಳಿಬಿಟ್ರು, ಮಾಡ್ತಾ ಇದೇವೆ ಅಂತ. ಒದೀಬೇಕಾದವ ಥಾಮಸ್ ಮಾರ್ಸ್ಟೆಡ್, ಅದೇ ವರ್ಷ ಬಂದ ಹೊಸಬ. ಓಡಿ ಬಂದು ಚೆಂಡನ್ನ ಎಡಕ್ಕೆ ನೆಲದ ಮೇಲೆ ಉರುಳೋ ಹಾಗೆ ಹೊಡೆದ, ಕೋಲ್ಟ್ಸ್ ಆಟಗಾರನ ಮೈಗೆ ಬಡಿದು ಜಾರ್ತು, ಸೇಂಟ್ಸ್‌ನ ಕ್ರಿಸ್ ರೈಸ್ ಬಿದ್ದ ಅದ್ರ ಮೇಲೆ, ಅವನ ಮೇಲೆ ಉಳಿದವ್ರೆಲ್ಲ, ಒಂದು ನಿಮಿಷಕ್ಕೂ ಮೇಲೆ ಆ ರಾಶಿಯೊಳಗೆ ಕಿತ್ತಾಟ, ಅಂಪೈರ್‌ಗಳು ಒಬ್ಬೊಬ್ಬರನ್ನೇ ಎಳೆದು ತೆಗೀತಾ ಇದಾರೆ, ಚೆಂಡು ಯಾರದ್ದು ಗೊತ್ತಾಗೋದಿಲ್ಲ. ಕೊನೆಗೆ ಸೇಂಟ್ಸ್‌ನದ್ದೇ ಅಂತಾಯ್ತು. ತಪ್ಪಿದ್ದಿದ್ರೆ ಮ್ಯಾನಿಂಗ್‌ನಂಥವನಿಗೆ ಅರ್ಧ ಮೈದಾನ ದಾನ ಕೊಟ್ಟ ಹಾಗೆ ಆಗ್ತಿತ್ತು. ಅಲ್ಲಿಂದ 58 ಗಜ ಹೋಗಿ ಟಚ್‌ಡೌನ್ ಮಾಡಿ 13-10 ಮುಂದೆ ಬಂದ್ರು.

ಕೋಲ್ಟ್ಸ್ ಮತ್ತೆ ಮುಂದೆ ಹೋದ್ರು, ಸೇಂಟ್ಸ್ ಮತ್ತೆ ಹಿಡಿದ್ರು, 24-17. ಮೂರು ನಿಮಿಷ ಚಿಲ್ಲರೆ ಬಾಕಿ ಇರುವಾಗ ಮ್ಯಾನಿಂಗ್ ಎಸೆದದ್ದನ್ನ ಮತ್ತದೇ ಟ್ರೇಸಿ ಪೋರ್ಟರ್ ಅಡ್ಡ ಬಂದು ಹಿಡಿದು 74 ಗಜ ಓಡಿದ. 31-17. ಬ್ರೀಸ್ 39ರಲ್ಲಿ 32 ಎಸೆತ ಮುಟ್ಟಿಸಿದ್ದ. ಅಮೆರಿಕದಲ್ಲಿ ಸುಮಾರು 10 ಕೋಟಿ 65 ಲಕ್ಷ ಜನ ನೋಡಿದ್ರು, ಅಷ್ಟೊತ್ತಿಗೆ ಅಲ್ಲಿನ ಟೀವಿಯಲ್ಲೇ ಅದು ದಾಖಲೆ.

ಎದುರಾಳಿಗೆ ಗಾಯ ಮಾಡಿದ್ರೆ ದುಡ್ಡು ಕೊಡ್ತಿದ್ದ ತಂಡ ಇದೇ ಅಲ್ವಾ? ಅದನ್ನ ಯಾಕೆ ಬರ್ಯೋದಿಲ್ಲ?
ಓದುಗರು, ಭಟ್ಕಳ

ಇದೇ ತಂಡ, ಬರೀಲೇಬೇಕು. 2009ರಿಂದ 2011ರ ತನಕ ಎದುರಾಳಿಯನ್ನ ಆಟದಿಂದ ಹೊರಗೆ ಹಾಕೋ ಹೊಡೆತಕ್ಕೆ ಇನಾಮು ಕೊಡೋ ನಿಧಿ ನಡೀತಿತ್ತು ಅಂತ 2012ರಲ್ಲಿ ಲೀಗ್ ಹೇಳ್ತು. ಪೇಟನ್‌ರನ್ನ ಇಡೀ 2012ರ ಸೀಸನ್ ಹೊರಗಿಟ್ರು, ರಕ್ಷಣೆಯ ಕೋಚ್ ಗ್ರೆಗ್ ವಿಲಿಯಮ್ಸ್‌ಗೆ ಅನಿರ್ದಿಷ್ಟ ಕಾಲ ನಿಷೇಧ. ಆಟಗಾರರ ಮೇಲಿನ ನಿಷೇಧ ಆಮೇಲೆ ರದ್ದಾಯ್ತು, ಟ್ರೋಫಿ ಉಳೀತು. ಮಿನೆಸೋಟಾ ಮ್ಯಾಚಲ್ಲಿ ಫಾವ್ರ್ ತಿಂದ ಹೊಡೆತಗಳನ್ನ ಈಗ ನೋಡುವಾಗ ನಂಗೆ ಹೊಟ್ಟೆ ಕಿವಿಚಿದ ಹಾಗೆ ಆಗ್ತದೆ. ಊರಿನ ಜನ ಕಾದದ್ದು ಸುಳ್ಳಲ್ಲ, ಇದೂ ಸುಳ್ಳಲ್ಲ, ಎರಡನ್ನೂ ಒಟ್ಟಿಗೇ ಇಟ್ಕೊಂಡು ಈ ಸೀಸನ್ ನೆನಪು ಮಾಡ್ಬೇಕು.

ಗೆದ್ದು ಬಂದ ದಿನ ಆ ಊರಲ್ಲಿ ಹೇಗಿತ್ತು?
ಓದುಗರು, ಗೋಕರ್ಣ

ಶಿರಸಿ ಮಾರಿಕಾಂಬಾ ಜಾತ್ರೆ, ನಿಮ್ಮೂರಿನ ಶಿವರಾತ್ರಿ ರಥ ನೋಡಿದವ್ರಿಗೆ ಸ್ವಲ್ಪ ಅಂದಾಜು ಸಿಗಬಹುದು. ಅಲ್ಲಿ ಮಾರ್ಡಿ ಗ್ರಾ ಅಂತ ದೊಡ್ಡ ಹಬ್ಬ, ಅಲಂಕಾರದ ಗಾಡಿಗಳ ಮೇಲಿಂದ ಜನರಿಗೆ ಮಣಿಸರ ಎಸೆಯೋ ಪದ್ಧತಿ. ಆ ವರ್ಷ ಹಬ್ಬ ಫೆಬ್ರವರಿ 16ಕ್ಕೆ, ತಂಡದ ಮೆರವಣಿಗೆ 9ಕ್ಕೇ. ಹಬ್ಬದ ಸಂಘಗಳು ತಮ್ಮ ಗಾಡಿಗಳನ್ನೇ ತಂಡಕ್ಕೆ ಕೊಟ್ವು. ಚಳಿಯಲ್ಲಿ ಲಕ್ಷಗಟ್ಲೆ ಜನ ಬೀದಿಯಲ್ಲಿ, ಪೇಟನ್ ಕೈಯಲ್ಲಿ ಬೆಳ್ಳಿ ಟ್ರೋಫಿ, ಆಟಗಾರರು ಮೇಲಿಂದ ಮಣಿಸರ ಎಸೀತಾ ಇದ್ರು. ಐದು ದಿನ ಬಿಟ್ಟು ಹಬ್ಬದ ಇನ್ನೊಂದು ಮೆರವಣಿಗೇಲಿ ಬ್ರೀಸ್‌ಗೇ ರಾಜನ ವೇಷ ಹಾಕಿಸಿ ಮತ್ತೆ ಬೀದಿಗೆ ಕರ್ಕೊಂಡು ಬಂದ್ರು.