ಬೋರ್ಡ್ ಇಲ್ಲದ ಕಡೆಯೂ ದಂಡ ಹಾಕಬಹುದೇ?

ಪಾರ್ಕಿಂಗ್, ದಂಡ, ಘಾಟಿ ರಸ್ತೆ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಸಂಚಾರ ಪೊಲೀಸ್ ವಿಭಾಗದಿಂದ ನಿವೃತ್ತರಾದ ಅಧಿಕಾರಿಯೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಶಿವಮೊಗ್ಗದ ಶಿವಪ್ಪನಾಯಕ ಸರ್ಕಲ್ ಹತ್ತಿರ, ಗಾಂಧಿ ಬಜಾರ್‌ಗೆ ಹೋಗುವ ಬಾಯಲ್ಲೇ ಸ್ಕೂಟರ್ ನಿಲ್ಲಿಸಿ ಹೂವು ತರಲು ಹೋಗಿದ್ದೆ. ಐದು ನಿಮಿಷವೂ ಆಗಿರಲಿಲ್ಲ. ವಾಪಸ್ ಬಂದರೆ ದಂಡ. ನಾನು ನಿಲ್ಲಿಸಿದಲ್ಲಿ ಬೋರ್ಡ್ ಕಾಣಲಿಲ್ಲ. ಇದು ಸರಿಯೇ?
– ಓದುಗರು, ವಿನೋಬನಗರ

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ಆ ದಂಡ ಸರಿಯಾದದ್ದೇ. ಬೋರ್ಡ್ ಇದ್ದರೆ ಮಾತ್ರ ನೋ ಪಾರ್ಕಿಂಗ್ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಬೋರ್ಡ್ ಇರಲಿ, ಬಿಡಲಿ, ಎಲ್ಲೆಲ್ಲಿ ಗಾಡಿ ನಿಲ್ಲಿಸಬಾರದು ಎಂಬ ಪಟ್ಟಿಯೇ 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಇದೆ. ಫುಟ್‌ಪಾತ್, ಜೀಬ್ರಾ ಪಟ್ಟೆ, ಬಸ್ ಸ್ಟಾಪ್ ಹತ್ತಿರ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲು, ಬೇರೆಯವರ ಗೇಟಿನ ಮುಂದೆ, ಆಗಲೇ ನಿಂತಿರುವ ಗಾಡಿಯ ಮಗ್ಗುಲಿಗೆ ಎರಡನೇ ಸಾಲು. ಇವೆಲ್ಲ ಅದರಲ್ಲಿವೆ. ರಸ್ತೆಗಳು ಕೂಡುವ ಜಾಗದಿಂದ 50 ಮೀಟರ್ ಒಳಗೂ ನಿಲ್ಲಿಸುವಂತಿಲ್ಲ. 50 ಮೀಟರ್ ಅಂದರೆ ಸುಮಾರು 70 ಹೆಜ್ಜೆ. ಸರ್ಕಲ್‌ನಿಂದ ಎಣಿಸಿಕೊಂಡು ಬಜಾರಿನೊಳಗೆ ನಡೆದು ನೋಡಿ, ನಿಮ್ಮ ಸ್ಕೂಟರ್ ಎಲ್ಲಿತ್ತು ಎಂದು ಗೊತ್ತಾಗುತ್ತದೆ.

ಇನ್ನು ‘ಐದೇ ನಿಮಿಷ’ದ ಮಾತು. ನನ್ನ ಸರ್ವಿಸ್‌ನಲ್ಲಿ ಇದಕ್ಕಿಂತ ಜಾಸ್ತಿ ಕೇಳಿದ ಮಾತು ಇನ್ನೊಂದಿಲ್ಲ. ಒಂದು ಸಂಜೆ ದುರ್ಗಿಗುಡಿಯಲ್ಲಿ ಡ್ಯೂಟಿ ಇತ್ತು. ಜಿಟಿಜಿಟಿ ಮಳೆ. ಔಷಧಿ ಅಂಗಡಿ ಮುಂದೆ ಫುಟ್‌ಪಾತ್ ಮೇಲೆ ಮೂರು ಬೈಕ್ ನಿಂತಿದ್ದವು. ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಡಾಕ್ಟರ್ ಚೀಟಿ ಹಿಡಿದಿದ್ದ ಅಜ್ಜಿಯೊಬ್ಬರು ದಾರಿಯಿಲ್ಲದೆ ರಸ್ತೆಗೆ ಇಳಿದರು. ಅಷ್ಟರಲ್ಲಿ ಹಿಂದಿನಿಂದ ಬಸ್ ಬಂತು. ಅಜ್ಜಿ ಗಾಬರಿಯಾಗಿ ಬೈಕಿನ ಕನ್ನಡಿಯನ್ನೇ ಗಟ್ಟಿಯಾಗಿ ಹಿಡಿದು ನಿಂತರು. ಕೊಡೆಯ ಕಡ್ಡಿ ಬಸ್ಸಿಗೆ ತಾಗಿ ಬಾಗಿಹೋಯಿತು. ಮೂರೂ ಬೈಕಿನವರು ಅಂಗಡಿಯಿಂದ ಬಂದು ಹೇಳಿದ್ದು ಒಂದೇ ಮಾತು: ‘ಐದೇ ನಿಮಿಷ ಸಾರ್.’ ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಒಬ್ಬರ ಐದು ನಿಮಿಷ ಮುಗಿಯುವಾಗ ಇನ್ನೊಬ್ಬರದು ಶುರುವಾಗುತ್ತದೆ. ಆ ಫುಟ್‌ಪಾತ್ ಬೆಳಗಿನಿಂದ ರಾತ್ರಿವರೆಗೆ ಖಾಲಿಯಾಗುವುದೇ ಇಲ್ಲ.

ಬೋರ್ಡಿನ ವಿಷಯದಲ್ಲಿ ನಿಮ್ಮ ದೂರಿನಲ್ಲೂ ನ್ಯಾಯವಿದೆ. ಫ್ಲೆಕ್ಸ್ ಹಿಂದೆ, ಮರದ ಕೊಂಬೆಯ ಸಂದಿಯಲ್ಲಿ ಅಡಗಿದ ಬೋರ್ಡ್ ಇದ್ದೂ ಇಲ್ಲದ ಹಾಗೆ. ಅಂಥದ್ದು ಕಂಡರೆ ಫೋಟೋ ತೆಗೆದು ಸಂಚಾರ ಠಾಣೆಗೆ ಬರೆದುಕೊಡಿ. ಬೋರ್ಡ್ ಓದುವುದನ್ನೂ ತಿಳಿದಿರಿ. ನೀಲಿ ವೃತ್ತ, ಕೆಂಪು ಅಂಚು, ಒಂದೇ ಅಡ್ಡಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಯಾರನ್ನಾದರೂ ಇಳಿಸಿ ತಕ್ಷಣ ಹೊರಡಬಹುದು. ಎರಡು ಗೆರೆ ಗುಣಾಕಾರ ಚಿಹ್ನೆಯಂತೆ ಹಾದಿದ್ದರೆ ಅದಕ್ಕೂ ನಿಲ್ಲುವಂತಿಲ್ಲ.

ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಪ್ಪು ನಿಮ್ಮದಲ್ಲ ಎನಿಸಿದರೆ ಸ್ಥಳದಲ್ಲೇ ಕಟ್ಟಬೇಕೆಂಬ ಕಡ್ಡಾಯವಿಲ್ಲ. ಕೋರ್ಟಿನಲ್ಲಿ ಹೇಳಿಕೊಳ್ಳುವ ಹಕ್ಕು ನಿಮಗಿದೆ. ಹಳೇ ಬೈಕ್ ಮಾರಿದವರು ಇನ್ನೊಂದು ಗಮನಿಸಬೇಕು. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದರೆ ಕೊಂಡವರು ಮಾಡಿದ ತಪ್ಪಿನ ನೋಟಿಸ್ ನಿಮ್ಮ ಮನೆಗೇ ಬರುತ್ತದೆ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಪ್ರಶ್ನೆ: ನನ್ನದು ನೆಹರೂ ರಸ್ತೆಯಲ್ಲಿ ಬಟ್ಟೆ ಅಂಗಡಿ. ಪೊಲೀಸರು ಬಿಗಿ ಮಾಡಿದ ದಿನ ಗಿರಾಕಿಗಳೇ ಬರುವುದಿಲ್ಲ. ನಾವು ಬದುಕುವುದು ಹೇಗೆ?
– ವ್ಯಾಪಾರಿ, ಶಿವಮೊಗ್ಗ

ಉತ್ತರ: ಮೊದಲು ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅಂಗಡಿ ಮುಂದೆ ಬೆಳಿಗ್ಗೆ 10ಕ್ಕೆ ಬಂದು ರಾತ್ರಿ 9ಕ್ಕೆ ಹೊರಡುವ ಬೈಕ್ ಯಾರದು? ಬಹಳ ಕಡೆ ಅದು ಮಾಲೀಕರದ್ದೋ ಕೆಲಸದ ಹುಡುಗರದ್ದೋ ಆಗಿರುತ್ತದೆ. ಒಬ್ಬ ಗಿರಾಕಿ ಅರ್ಧ ಗಂಟೆ ಇರುತ್ತಾರೆ ಎಂದುಕೊಂಡರೆ ಆ 11 ಗಂಟೆಯಲ್ಲಿ 22 ಜನ ಅದೇ ಜಾಗ ಬಳಸಬಹುದಿತ್ತು. ನಿಮ್ಮ ಸಾಲಿನ ಅಂಗಡಿಯವರೆಲ್ಲ ತಮ್ಮ ಗಾಡಿಗಳನ್ನು ಸ್ವಲ್ಪ ದೂರ ನಿಲ್ಲಿಸಿ ನಡೆದುಬಂದರೆ ಪೊಲೀಸರ ಅರ್ಧ ಕೆಲಸ ಮುಗಿಯುತ್ತದೆ, ನಿಮ್ಮ ವ್ಯಾಪಾರಕ್ಕೂ ಒಳ್ಳೆಯದು.

ಉಳಿದದ್ದಕ್ಕೆ ಕಾನೂನಿನಲ್ಲೇ ದಾರಿ ಇದೆ. ಎಲ್ಲಿ ಗಾಡಿ ನಿಲ್ಲಿಸಬಹುದು ಎಂದು ಗೊತ್ತುಮಾಡುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಕೊಡುತ್ತದೆ. ನಮ್ಮಲ್ಲಿ ಪೊಲೀಸರ ವರದಿ ನೋಡಿ ಜಿಲ್ಲಾಧಿಕಾರಿ ಅಧಿಸೂಚನೆ ಹೊರಡಿಸುತ್ತಾರೆ. ಬಿಳಿ ಗೆರೆ ಎಳೆದುಕೊಡಿ, ದಿನ ಬಿಟ್ಟು ದಿನ ಒಂದೊಂದು ಬದಿಗೆ ಪಾರ್ಕಿಂಗ್ ಕೊಡಿ, ಸರಕಿನ ಲಾರಿಗೆ ಬೆಳಗಿನ ಹೊತ್ತು ನಿಗದಿ ಮಾಡಿ ಎಂದು ವರ್ತಕರು ಒಟ್ಟಾಗಿ ಬರೆದುಕೊಡಿ. ಪಾಲಿಕೆಗೆ ಒಂದು ಪ್ರತಿ, ನಿಮ್ಮ ವ್ಯಾಪ್ತಿಯ ಸಂಚಾರ ಠಾಣೆಗೆ ಒಂದು. ನಗರದಲ್ಲಿ ಪೂರ್ವ, ಪಶ್ಚಿಮ ಎಂದು ಎರಡು ಸಂಚಾರ ಠಾಣೆಗಳಿವೆ.

ಇಲಾಖೆಯವರಿಗೂ ಒಂದು ಮಾತು ಹೇಳಲೇಬೇಕು. ಒಂದು ವಾರ ಕಾರ್ಯಾಚರಣೆ ಮಾಡಿ ಮೂರು ತಿಂಗಳು ಸುಮ್ಮನಿದ್ದರೆ ಜನ ಕಲಿಯುವುದು ಆ ವಾರ ತಪ್ಪಿಸಿಕೊಳ್ಳುವುದನ್ನು ಮಾತ್ರ. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಒಬ್ಬ ಕಾನ್‌ಸ್ಟೆಬಲ್ ನಿಂತರೆ ಸಾಕು. ದಂಡದ ಪುಸ್ತಕ ತೆಗೆಯುವ ಪ್ರಸಂಗವೇ ಕಡಿಮೆಯಾಗುತ್ತದೆ. ಇದನ್ನು ನಾನು ಬೀದಿಯಲ್ಲಿ ನಿಂತು ಕಂಡಿದ್ದೇನೆ.

ಪ್ರಶ್ನೆ: ಮಗನಿಗೆ 16 ವರ್ಷ. ಟ್ಯೂಷನ್‌ಗೆ ಸ್ಕೂಟರ್ ಕೊಡಬಹುದೇ?
– ತಾಯಿ, ಭದ್ರಾವತಿ

ಉತ್ತರ: ಬೇಡ. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಈಗ ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರ್‌ಗಳು 100 ಸಿಸಿ ಮೇಲಿನವು. ಹುಡುಗ ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ. 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಇನ್ನೆರಡು ವರ್ಷ ಬಸ್ಸಿನಲ್ಲೋ ಸೈಕಲ್‌ನಲ್ಲೋ ಕಳಿಸಿ.

ಪ್ರಶ್ನೆ: ಆಗುಂಬೆ ಘಾಟಿಯಲ್ಲಿ ಫೋಟೋಗೆಂದು ಕಾರು ನಿಲ್ಲಿಸಿದರೆ ಪೊಲೀಸರು ಓಡಿಸುತ್ತಾರೆ. ಪ್ರವಾಸಿಗರು ನಿಲ್ಲುವುದು ಎಲ್ಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ತಿರುವಿನಲ್ಲಂತೂ ಅಲ್ಲ. ಆ ಹೇರ್‌ಪಿನ್ ತಿರುವುಗಳಲ್ಲಿ ಬಸ್ ಹೊರಳಬೇಕಾದರೆ ರಸ್ತೆಯ ಪೂರ್ತಿ ಅಗಲ ಬೇಕು. ಅಲ್ಲಿ ಒಂದು ಕಾರು ನಿಂತರೆ ಉಡುಪಿ, ಮಣಿಪಾಲದ ಆಸ್ಪತ್ರೆಗೆ ಇಳಿಯುವ ಆಂಬುಲೆನ್ಸ್ ಕೂಡ ಸಿಕ್ಕಿಕೊಳ್ಳುತ್ತದೆ. ಮಲೆನಾಡಿನ ಎಷ್ಟೋ ಮನೆಯವರು ರೋಗಿಯನ್ನು ಕರೆದೊಯ್ಯುವುದು ಇದೇ ದಾರಿಯಲ್ಲಿ. ಮಂಗಗಳಿಗೆ ಬಾಳೆಹಣ್ಣು ಕೊಡಲೂ ನಿಲ್ಲಿಸಬೇಡಿ. ಮೇಲೆ ಊರಿನಲ್ಲೇ ಗಾಡಿ ಬಿಟ್ಟು ನಡೆದುಬನ್ನಿ. ಇಳಿಯುವವರು ಹತ್ತುವ ಗಾಡಿಗೆ ದಾರಿ ಬಿಡಬೇಕು ಎಂಬುದೂ ನಿಯಮವೇ.

ಗಾಡಿ ಕೆಟ್ಟು ನಿಲ್ಲಿಸಲೇಬೇಕಾಗಿ ಬಂದರೆ ನಾಲ್ಕೂ ಇಂಡಿಕೇಟರ್ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದು ಗೇರ್‌ನಲ್ಲಿ ಬಿಡಿ. ಒಬ್ಬರು ತಿರುವಿನ ಆಚೆ ಹೋಗಿ ಬರುವವರಿಗೆ ಕೈ ತೋರಿಸಲಿ. 112ಕ್ಕೆ ಫೋನ್ ಮಾಡಿ. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ಅದನ್ನು ನೀವೇ ಎತ್ತಿ ಚರಂಡಿಯ ಆಚೆ ಹಾಕಿ. ಮಂಜು ಕವಿದ ಸಂಜೆಯಲ್ಲಿ ಹಿಂದೆ ಬರುವ ಬೈಕಿನವರಿಗೆ ಆ ಕಲ್ಲು ಕಾಣುವುದಿಲ್ಲ.