ಗೆಳೆಯರ ಜೊತೆ ಪ್ರಾಗ್‌ಗೆ ಹೋಗಲಾ? ಅಮ್ಮನಿಗೆ ಏನು ಹೇಳಲಿ?

ಪ್ರಶ್ನೆ: ನನಗೆ 24 ವರ್ಷ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂಎಸ್ ಓದುತ್ತಿದ್ದೇನೆ. ಅಪ್ಪ ಮನೆ ಪತ್ರ ಅಡವಿಟ್ಟು ಬ್ಯಾಂಕ್ ಸಾಲ ಮಾಡಿ ಕಳಿಸಿದ್ದಾರೆ. ನನ್ನ ಕ್ಲಾಸಿನವರು ಮುಂದಿನ ತಿಂಗಳು ಒಂದು ವೀಕೆಂಡ್ ಪಕ್ಕದ ಚೆಕ್ ದೇಶದ ಪ್ರಾಗ್‌ಗೆ ಹೊರಟಿದ್ದಾರೆ. ಮೂವರು ಹುಡುಗಿಯರು, ನಾಲ್ವರು ಹುಡುಗರು. ಎರಡು ರಾತ್ರಿ ಪ್ರವಾಸಿಗರ ಹಾಸ್ಟೆಲ್‌ನಲ್ಲಿ ಉಳಿಯುವ ಯೋಚನೆ. ಹಿಂದೆ ಕರೆದಾಗಲೆಲ್ಲ ‘ಅಸೈನ್‌ಮೆಂಟ್ ಇದೆ’ ಅಂತ ತಪ್ಪಿಸಿಕೊಂಡಿದ್ದೆ. ಈ ಸಲ ಒಬ್ಬಳು ‘ನಿನಗೆ ನಮ್ಮ ಜೊತೆ ಬರೋಕೆ ಇಷ್ಟ ಇಲ್ವಾ?’ ಎಂದು ನೇರವಾಗಿ ಕೇಳಿಬಿಟ್ಟಳು. ಇಷ್ಟ ಇದೆ. ಆದರೆ ಸಾಲ ನೆನಪಾದರೆ ಹೊರಗೆ ಒಂದು ಕಾಫಿ ಕುಡಿಯಲೂ ಮನಸ್ಸು ಬರುವುದಿಲ್ಲ. ಹುಡುಗರೂ ಬರುತ್ತಾರೆ ಅಂದರೆ ಅಮ್ಮ ಒಪ್ಪುವುದಿಲ್ಲ. ನಾನು ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ. ಅಲ್ಲಿ ಎಲ್ಲರಿಗೂ ಭಾರ ಆಗ್ತೀನಾ ಅನ್ನುವ ಭಯವೂ ಇದೆ. ಆ ಎರಡು ದಿನ ಲೈಬ್ರರಿಯಲ್ಲಿ ಇರ್ತೀನಿ ಅಂತ ಮನೆಗೆ ಹೇಳಿ ಹೋಗಿಬಂದುಬಿಡಲಾ?
– ಹೆಸರು ಬೇಡ, ಡ್ರೆಸ್ಡೆನ್

ಉತ್ತರ: ಹೋಗಿಬನ್ನಿ. ಆದರೆ ಲೈಬ್ರರಿಯ ಹೆಸರು ಹೇಳಿ ಹೋಗಬೇಡಿ.

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ದುಡ್ಡಿನ ಚಿಂತೆ ಇದೆ, ನಿಜ. ಅದಕ್ಕಿಂತ ಜಾಸ್ತಿ ಇರುವುದು ಅಳುಕು. ಅಪ್ಪ ಅಲ್ಲಿ ಸಾಲ ಹೊತ್ತುಕೊಂಡಿರುವಾಗ ನಾನು ಇಲ್ಲಿ ನಗುತ್ತಾ ಓಡಾಡಬಹುದಾ ಎನ್ನುವ ಅಳುಕು. ಇವೆರಡನ್ನೂ ನೀವು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೀರಿ. ದುಡ್ಡಿನ ಚಿಂತೆಗೆ ಪೆನ್ನು, ಹಾಳೆ ಹಿಡಿದು ಕೂತರೆ ಉತ್ತರ ಸಿಗುತ್ತದೆ. ಅಳುಕು ಹಾಗಲ್ಲ. ನೀವು ಎಷ್ಟು ಉಳಿಸಿದರೂ ಅದು ಇನ್ನೂ ಉಳಿಸು ಅನ್ನುತ್ತದೆ. ಕಾಫಿ ಬಿಟ್ಟಾಯಿತು, ಈಗ ಗೆಳೆಯರನ್ನೂ ಬಿಡುವ ಹಂತಕ್ಕೆ ಬಂದಿದ್ದೀರಿ. ಇದು ಮಿತವ್ಯಯ ಅಲ್ಲ, ನಿಮಗೆ ನೀವೇ ಕೊಟ್ಟುಕೊಳ್ಳುತ್ತಿರುವ ಶಿಕ್ಷೆ.

ಮೊದಲು ಲೆಕ್ಕ ಮುಗಿಸೋಣ. ಜರ್ಮನಿಗೆ ಓದಲು ಬರುವವರು ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ಹಣ ತೆಗೆಯಲು ಬಿಡುವ ಖಾತೆ) ವರ್ಷಕ್ಕೆ 11,904 ಯೂರೋ ಇಡಬೇಕು ಎಂಬ ನಿಯಮ 2024ರ ಸೆಪ್ಟೆಂಬರ್‌ನಿಂದ ಇದೆ. ಅಂದರೆ ತಿಂಗಳಿಗೆ 992 ಯೂರೋ. ಬಾಡಿಗೆ, ಇನ್ಶೂರೆನ್ಸ್, ದಿನಸಿ, ಫೋನ್ ಕಳೆದು ಎಷ್ಟು ಉಳಿಯುತ್ತದೆ ಅಂತ ಬರೆಯಿರಿ. ಪಾರ್ಟ್‌ಟೈಮ್ ಕೆಲಸ ಇದ್ದರೆ ಅದನ್ನೂ ಸೇರಿಸಿ. ಶನಿವಾರದ ಪಾಳಿ ತಪ್ಪುವುದಾದರೆ ಆ ಸಂಬಳವನ್ನೂ ಕಳೆಯಿರಿ. ಉಳಿದದ್ದರಲ್ಲಿ ‘ಇಷ್ಟು ಹೋದರೆ ನನಗೆ ತೊಂದರೆ ಇಲ್ಲ’ ಅನ್ನುವ ಒಂದು ಮೊತ್ತ ಗೊತ್ತು ಮಾಡಿಕೊಳ್ಳಿ. ಡ್ರೆಸ್ಡೆನ್‌ನಿಂದ ಪ್ರಾಗ್ ಸುಮಾರು 150 ಕಿಲೋಮೀಟರ್. ಫ್ಲಿಕ್ಸ್‌ಬಸ್ ಇದೆ, ನೇರ ರೈಲೂ ಇದೆ. ಮುಂಚೆ ಬುಕ್ ಮಾಡಿದಷ್ಟೂ ಕಡಿಮೆ. ಅದೇ ರೈಲಿನ ಟಿಕೆಟ್ ಜರ್ಮನ್ ರೈಲ್ವೆಗಿಂತ ಚೆಕ್ ದೇಶದ ರೈಲ್ವೆಯ ವೆಬ್‌ಸೈಟ್‌ನಲ್ಲಿ ಎಷ್ಟೋ ಸಲ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಎರಡೂ ಕಡೆ ನೋಡಿ.

ಶಿಕ್ಷಣ ಸಾಲಕ್ಕೆ ಓದುವ ಅವಧಿಯಲ್ಲೂ ಬಡ್ಡಿ ಬೆಳೆಯುತ್ತದೆ. ಹಾಗಾಗಿ ನಿಮ್ಮ ಎಚ್ಚರಿಕೆ ತಪ್ಪು ಅಂತ ನಾನು ಹೇಳುವುದಿಲ್ಲ. ಪ್ರತಿ ತಿಂಗಳೂ ಒಂದೊಂದು ದೇಶ ಸುತ್ತುವ ಅಭ್ಯಾಸ ಆದರೆ ಸಾಲದ ಮೇಲೆ ಹೊರೆಯೇ. ಲೆಕ್ಕ ಹಾಕಿ ಹೋಗುವ ಒಂದು ವೀಕೆಂಡ್ ಅಪ್ಪನ ಮನೆ ಮುಳುಗಿಸುವುದಿಲ್ಲ.

ಈ ಮೊತ್ತವನ್ನು ಗೆಳೆಯರಿಗೆ ಈಗಲೇ ಹೇಳಿಬಿಡಿ. ನಮ್ಮವರಿಗೆ ಇದು ಕಷ್ಟ, ನನಗೆ ಗೊತ್ತು. ಹೋಟೆಲ್‌ನಲ್ಲಿ ಬಿಲ್ ಬಂದ ತಕ್ಷಣ ‘ನಾನು ಕೊಡ್ತೀನಿ, ನಾನು ಕೊಡ್ತೀನಿ’ ಅಂತ ಕಿತ್ತಾಡುವುದನ್ನು ನೋಡಿ ಬೆಳೆದವರು ನಾವು. ನೀವಿರುವ ಕಡೆ ಬೇರೆ ರೂಢಿ. ದುಡ್ಡು ಕೊಡುವ ಹೊತ್ತಿಗೆ ವೇಟರ್ ಬಂದು ಒಟ್ಟಿಗೋ, ಬೇರೆ ಬೇರೆಯೋ ಅಂತ ಕೇಳುತ್ತಾರೆ. ಒಬ್ಬೊಬ್ಬರೂ ತಾವು ತಿಂದದ್ದನ್ನು ಹೇಳಿ, ಅಷ್ಟಕ್ಕೆ ಮಾತ್ರ ಕೊಟ್ಟು ಏಳುತ್ತಾರೆ. ಅದನ್ನು ಯಾರೂ ಜಿಪುಣತನ ಅಂದುಕೊಳ್ಳುವುದಿಲ್ಲ. ಆದ್ದರಿಂದ ಗ್ರೂಪಿಗೆ ಹೀಗೆ ಬರೆಯಿರಿ: ‘ನಾನು ಬರ್ತೀನಿ. ನನ್ನ ಬಜೆಟ್ ಇಷ್ಟು. ಬಸ್, ಹಾಸ್ಟೆಲ್ ಓಕೆ. ರಾತ್ರಿ ಕ್ಲಬ್‌ಗೆ ಬರಲ್ಲ, ಬೆಳಿಗ್ಗೆ ಕೋಟೆ ನೋಡೋಕೆ ಎಲ್ಲರಿಗಿಂತ ಮುಂಚೆ ರೆಡಿ ಇರ್ತೀನಿ.’ ಆ ಏಳು ಜನರಲ್ಲಿ ಇನ್ನೂ ಒಬ್ಬಿಬ್ಬರು ಕೈ ಬಿಗಿ ಹಿಡಿದು ಬದುಕುತ್ತಿರುವವರು ಇರಬಹುದು. ನಿಮ್ಮ ಮಾತು ಓದಿ ಅವರಿಗೂ ಸಮಾಧಾನ ಆಗುತ್ತದೆ.

ನೇರವಾಗಿ ಕೇಳಿದ ಆ ಹುಡುಗಿಗೆ ಮಾತ್ರ ಮೆಸೇಜ್ ಸಾಲದು, ಸಿಕ್ಕಾಗ ಮಾತಾಡಿ. ಅಸೈನ್‌ಮೆಂಟ್ ನೆಪ ಆಗಿತ್ತು, ದುಡ್ಡಿನ ಯೋಚನೆ ಇತ್ತು ಅಂತ ಹೇಳಿ. ಕಾಳಜಿ ಇಲ್ಲದವಳು ಹಾಗೆ ಕೇಳುವುದೇ ಇಲ್ಲ, ಸುಮ್ನೆ ಕರೆಯುವುದನ್ನು ನಿಲ್ಲಿಸುತ್ತಾಳೆ. ಡಿಸೆಂಬರ್‌ನಲ್ಲಿ ನಿಮ್ಮಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಜ್ವರ ಬಂದು ಮಲಗಿದಾಗ ಔಷಧಿ ತಂದುಕೊಡುವವರು, ರೂಮ್ ಖಾಲಿ ಇದೆ ಅಂತ ಹೇಳುವವರು, ಜರ್ಮನ್ ಭಾಷೆಯ ಪತ್ರ ಓದಿ ಅರ್ಥ ಹೇಳುವವರು ಇವರೇ ಆಗಿರುತ್ತಾರೆ.

ಈಗ ಅಮ್ಮ. ನಿಮ್ಮ ಪತ್ರದ ನಿಜವಾದ ಗಂಟು ಇಲ್ಲಿದೆ.

ಸುಳ್ಳು ಹೇಳಿ ಹೋದರೆ ಏನಾಗುತ್ತದೆ ಯೋಚಿಸಿ. ಪ್ರಾಗ್‌ನ ಚಾರ್ಲ್ಸ್ ಸೇತುವೆ ಮೇಲೆ, ಕೋಟೆ ಕಡೆಗೆ ಹೋಗುವ 22ನೇ ನಂಬರ್ ಟ್ರಾಮ್‌ನಲ್ಲಿ ಜೇಬುಗಳ್ಳರ ಕಾಟ ಇದೆ. ಪಾಸ್‌ಪೋರ್ಟ್, ಫೋನ್ ಹೋಯಿತು ಅಂದುಕೊಳ್ಳಿ. ಪೊಲೀಸ್ ಕಂಪ್ಲೇಂಟ್, ಭಾರತದ ರಾಯಭಾರ ಕಚೇರಿ ಅಂತ ಅಲೆಯಬೇಕು. ಆಗ ಮೊದಲು ನೆನಪಾಗುವುದು ಮನೆ. ‘ಅಮ್ಮಾ, ನಾನು ಲೈಬ್ರರಿಯಲ್ಲಿ ಇಲ್ಲ, ಬೇರೆ ದೇಶದಲ್ಲಿದ್ದೀನಿ’ ಅಂತ ಆ ಹೊತ್ತಿನಲ್ಲಿ ಹೇಳಬೇಕಾಗುತ್ತದೆ. ಏನೂ ಆಗದಿದ್ದರೂ ಆ ಎರಡು ದಿನ ನಿಮ್ಮದಾಗಿರುವುದಿಲ್ಲ. ಯಾರು ಫೋಟೋ ಹಾಕುತ್ತಾರೋ, ಯಾರು ಟ್ಯಾಗ್ ಮಾಡುತ್ತಾರೋ, ಅಮ್ಮ ವಿಡಿಯೋ ಕಾಲ್ ಮಾಡಿದರೆ ಹಿಂದೆ ಏನು ಕಾಣುತ್ತದೋ ಅಂತಲೇ ಕಳೆಯುತ್ತೀರಿ. ಅಷ್ಟು ಖರ್ಚು ಮಾಡಿ ಅದನ್ನು ಯಾಕೆ ಕೊಂಡುಕೊಳ್ಳಬೇಕು?

ಅಮ್ಮನಿಗೆ ಟಿಕೆಟ್ ತೆಗೆಯುವ ಮುಂಚೆಯೇ ಹೇಳಿ. ‘ಹೋಗ್ಲಾ?’ ಅಂತ ಕೇಳಬೇಡಿ, ‘ಹೋಗ್ತಿದ್ದೀನಿ, ಹೀಗೆ ಹೀಗೆ’ ಅಂತ ತಿಳಿಸಿ. ಒಬ್ಬಳೇ ಇನ್ನೊಂದು ಖಂಡಕ್ಕೆ ಹೋಗಿ ಬದುಕು ನಡೆಸುತ್ತಿರುವ ಮಗಳು ನೀವು, ಆ ದನಿ ನಿಮಗೆ ಸಲ್ಲುತ್ತದೆ. ಹುಡುಗರು ಬರುವ ವಿಷಯ ಮುಚ್ಚಿಡಬೇಡಿ. ಹುಡುಗಿಯರಿಗೇ ಅಂತ ಇರುವ ಡಾರ್ಮ್‌ನಲ್ಲಿ (ಹಲವು ಹಾಸಿಗೆಗಳ ಕೋಣೆ) ನೀವು ಮೂವರು ಗೆಳತಿಯರ ಜೊತೆ ಇರುತ್ತೀರಿ ಅನ್ನುವುದನ್ನು ಅದರ ಜೊತೆಗೇ ಹೇಳಿ. ಬಹಳಷ್ಟು ಹಾಸ್ಟೆಲ್‌ಗಳಲ್ಲಿ ಅಂಥ ವ್ಯವಸ್ಥೆ ಇರುತ್ತದೆ, ಮುಂಚೆಯೇ ಬುಕ್ ಮಾಡಬೇಕು ಅಷ್ಟೇ. ಹಾಸ್ಟೆಲ್ ವಿಳಾಸ, ಒಬ್ಬ ಗೆಳತಿಯ ನಂಬರ್, ಹೋಗುವ ಬರುವ ಸಮಯ ಕಳಿಸಿ. ಸಾಧ್ಯವಾದರೆ ಹೊರಡುವ ಮುಂಚೆ ಒಂದು ಸಂಜೆ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಡಿಯೋ ಕಾಲ್ ಮಾಡಿ. ಅಮ್ಮನಿಗೆ ಇಲ್ಲಿಯವರೆಗೆ ನಿಮ್ಮ ಕ್ಲಾಸ್ ಅಂದರೆ ಮುಖವಿಲ್ಲದ ಒಂದು ಗುಂಪು. ಒಬ್ಬರ ಮುಖ ಕಂಡು, ‘ನಮಸ್ತೆ ಆಂಟಿ’ ಕೇಳಿದರೆ ಅರ್ಧ ಭಯ ಇಳಿಯುತ್ತದೆ.

ಅಪ್ಪನ ಜೊತೆಯೂ ಬೇರೆಯಾಗಿ ಮಾತಾಡಿ. ನಿಮ್ಮ ತಿಂಗಳ ಲೆಕ್ಕವನ್ನು ಅವರಿಗೆ ತೋರಿಸಿ. ಸಾಲ ಮಾಡಿದ್ದು ಅವರು, ಮಗಳು ಹೇಗೆ ಖರ್ಚು ಮಾಡುತ್ತಿದ್ದಾಳೆ ಅಂತ ನೋಡುವ ಹಕ್ಕು ಅವರಿಗಿದೆ. ಮಗಳು ಕಾಫಿಯನ್ನೂ ಬಿಟ್ಟಿದ್ದಾಳೆ ಅಂತ ಗೊತ್ತಾದರೆ ಅವರಿಗೆ ಖುಷಿ ಆಗುವುದಿಲ್ಲ, ಸಂಕಟ ಆಗುತ್ತದೆ.

ಅಮ್ಮ ಬೇಸರ ಮಾಡಿಕೊಳ್ಳಬಹುದು. ‘ಓದೋಕೆ ಹೋಗಿದ್ದೀಯ, ಸುತ್ತೋಕಲ್ಲ’ ಅನ್ನಬಹುದು. ವಾದಕ್ಕೆ ಇಳಿಯಬೇಡಿ. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿ, ಅದನ್ನೇ ಮೆತ್ತಗೆ ಹೇಳಿ. ಆಮೇಲೂ ಒಪ್ಪದಿದ್ದರೆ? ಆಗಲೂ ಹೋಗಿ ಅನ್ನುತ್ತೇನೆ. ಎಲ್ಲಿದ್ದೀರಿ ಅಂತ ಅಮ್ಮನಿಗೆ ಗೊತ್ತಿರುತ್ತದೆ. ಅವರ ಕೋಪವನ್ನು ನೀವಿಬ್ಬರೂ ದಾಟಬಲ್ಲಿರಿ. ಸುಳ್ಳು ಸಿಕ್ಕಿಬಿದ್ದರೆ ಮುಂದೆ ನಿಜವಾಗಿ ಲೈಬ್ರರಿಯಲ್ಲಿ ಕೂತಿದ್ದರೂ ಅವರು ನಂಬುವುದು ಕಷ್ಟ.

ಕಾಗದಪತ್ರದ ವಿಷಯ ಎಷ್ಟೋ ವಿದ್ಯಾರ್ಥಿಗಳು ಲಘುವಾಗಿ ತೆಗೆದುಕೊಳ್ಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಚೆಕ್ ದೇಶ ಷೆಂಗೆನ್ ಒಳಗೇ ಇದೆ, ಅಂದರೆ ಒಂದೇ ವೀಸಾ ವ್ಯವಸ್ಥೆಯ ಯುರೋಪಿನ ದೇಶಗಳ ಗುಂಪಿನಲ್ಲಿ. ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇದ್ದರೆ ಬೇರೆ ವೀಸಾ ಬೇಡ. ಆದರೆ ಕಾರ್ಡ್, ಪಾಸ್‌ಪೋರ್ಟ್ ಎರಡೂ ಕೈಯಲ್ಲಿರಬೇಕು, ಫೋಟೋ ಕಾಪಿ ನಡೆಯುವುದಿಲ್ಲ. ಚೆಕ್ ಗಡಿಯಲ್ಲಿ 2023ರ ಅಕ್ಟೋಬರ್‌ನಿಂದ ಜರ್ಮನಿ ಮತ್ತೆ ತಪಾಸಣೆ ಶುರು ಮಾಡಿತು. ಬರುವಾಗ ಪೊಲೀಸರು ಬಸ್ಸು, ರೈಲು ಹತ್ತಿ ಕೇಳಬಹುದು. ಕಾರ್ಡ್ ಅವಧಿ ಮುಗಿದು, ಹೊಸದು ಬರುವವರೆಗೆ ಕೊಡುವ ತಾತ್ಕಾಲಿಕ ಕಾಗದ ಮಾತ್ರ ನಿಮ್ಮ ಬಳಿ ಇದ್ದರೆ ಈ ಪ್ರವಾಸ ಬೇಡ. ಆ ಕಾಗದವನ್ನು ಕಾರ್ಡ್ ಅಂದುಕೊಂಡು ಗಡಿ ದಾಟಬೇಡಿ, ವಿದೇಶಿಯರ ಕಚೇರಿಯಲ್ಲಿ ಮೊದಲು ವಿಚಾರಿಸಿ. ನಿಮ್ಮದು ಸರ್ಕಾರಿ ಆರೋಗ್ಯ ವಿಮೆಯಾದರೆ ಆ ವಿಮೆ ಕಾರ್ಡಿನ ಹಿಂಬದಿಯೇ ಯುರೋಪಿನ ವಿಮೆ ಕಾರ್ಡ್, ಅದು ಚೆಕ್ ದೇಶದಲ್ಲೂ ತುರ್ತು ಚಿಕಿತ್ಸೆಗೆ ನಡೆಯುತ್ತದೆ. ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಎಟಿಎಂ ‘ಯೂರೋದಲ್ಲಿ ಲೆಕ್ಕ ಹಾಕಲಾ’ ಅಂತ ಕೇಳಿದರೆ ಬೇಡ ಅನ್ನಿ, ಒಪ್ಪಿದರೆ ಸುಮ್ನೆ ದುಡ್ಡು ಹೋಗುತ್ತದೆ.

ಊಟ, ಕುಡಿತದ ಚಿಂತೆ ಬಿಡಿ. ಪ್ರಾಗ್‌ನಲ್ಲಿ ಚೀಸ್ ಅನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದು ಆಲೂಗಡ್ಡೆ ಜೊತೆ ಕೊಡುತ್ತಾರೆ, ಹೊಟ್ಟೆ ತುಂಬುತ್ತದೆ. ಬಿಯರ್ ಬದಲು ಕೊಫೋಲಾ ಅನ್ನುವ ಅಲ್ಲಿನ ಕೋಲಾ ತೆಗೆದುಕೊಳ್ಳಿ. ‘ನಾನು ಕುಡಿಯಲ್ಲ’ ಅಂತ ಒಂದು ಸಲ ಹೇಳಿದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಮತ್ತೆ ಮತ್ತೆ ಒತ್ತಾಯ ಮಾಡುವವರು ಇದ್ದರೆ ಗೆಳತಿಯರ ಜೊತೆ ಎದ್ದು ಬನ್ನಿ.

ಲೆಕ್ಕ ಹಾಕಿದ ಮೇಲೆ ಈ ತಿಂಗಳು ನಿಜವಾಗಿಯೂ ಆಗುವುದಿಲ್ಲ ಅಂತ ಕಂಡರೆ ಅದನ್ನೂ ಹಾಗೇ ಹೇಳಿ, ಮತ್ತೆ ಅಸೈನ್‌ಮೆಂಟ್ ತರಬೇಡಿ. ಜೊತೆಗೆ ಮುಂದಿನ ಭಾನುವಾರಕ್ಕೆ ನೀವೇ ಕರೆಯಿರಿ. ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಲೋಕಲ್ ರೈಲು, ಬಸ್ಸುಗಳ ತಿಂಗಳ ಪಾಸ್) ಇದ್ದರೆ ಡ್ರೆಸ್ಡೆನ್‌ನಿಂದ ಎಸ್1 ರೈಲಿನಲ್ಲಿ ರಾಟೆನ್‌ವರೆಗೆ ಬೇರೆ ಖರ್ಚಿಲ್ಲ. ಅಲ್ಲಿ ದೋಣಿಯಲ್ಲಿ ಎಲ್ಬೆ ನದಿ ದಾಟಿ ಮೇಲೆ ಹತ್ತಿದರೆ ಬಾಸ್ಟೈ ಬಂಡೆಗಳು, ಅವುಗಳ ನಡುವೆ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ. ಬುತ್ತಿ ನೀವು ಕಟ್ಟಿಕೊಂಡು ಹೋಗಿ, ಚಿತ್ರಾನ್ನ ಮಾಡಿದರೆ ಎಲ್ಲರಿಗೂ ಸಾಕಾಗುತ್ತದೆ. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಹೊತ್ತಿಗೆ ಆ ಸೇತುವೆ ಮೇಲೆ ಜನ ಜಾಸ್ತಿ.