ಹುಲ್ಲನ್ನು ‘ಮಾಡುವುದು’ ಹೇಗೆ?

ಪ್ರಶ್ನೆ: ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂಬ ಇಂಗ್ಲಿಷ್ ಗಾದೆಯ ಅರ್ಥ ಕೇಳಿದಳು. ‘ಗಾಳಿ ಬಂದಾಗ ತೂರಿಕೋ’ ಎಂದು ಹೇಳಿ ಸುಮ್ಮನಾದೆ. ಆದರೆ ಹುಲ್ಲು ತಾನಾಗಿಯೇ ಬೆಳೆಯುವಂಥದ್ದು, ಅದನ್ನು ‘ಮಾಡುವುದು’ ಹೇಗೆ, ಅದಕ್ಕೆ ಬಿಸಿಲೇ ಏಕೆ ಬೇಕು ಎಂದು ಆಕೆ ಮತ್ತೆ ಕೇಳಿದಾಗ ನನಗೆ ಉತ್ತರ ತೋಚಲಿಲ್ಲ. ಈ ಗಾದೆಯ ಮೂಲ ಯಾವುದು? ನಮ್ಮ ಗಾದೆ ಅದಕ್ಕೆ ಸರಿಸಮವೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ‘ಮಾಡು’ ಎಂಬ ಕ್ರಿಯಾಪದ ಅಲ್ಲಿ ಏಕೆ ಬಂದಿದೆಯೆಂದು ತಿಳಿಯದೆ ಈ ಗಾದೆಯ ಅರ್ಥ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ.

ಕನ್ನಡದಲ್ಲಿ ‘ಹುಲ್ಲು’ ಎಂಬ ಒಂದೇ ಮಾತು ಬಯಲಲ್ಲಿ ಹಸುರಾಗಿ ಬೆಳೆದು ನಿಂತ ಹುಲ್ಲಿಗೂ ಸಲ್ಲುತ್ತದೆ, ಕಾಳು ಬಿಡಿಸಿಕೊಂಡ ಮೇಲೆ ಉಳಿಯುವ ಭತ್ತದ ಹುಲ್ಲು, ರಾಗಿಹುಲ್ಲುಗಳಿಗೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಹಸುರು ಹುಲ್ಲು ‘ಗ್ರಾಸ್’, ಪೈರಿನ ಒಣ ಕಡ್ಡಿ ‘ಸ್ಟ್ರಾ’. ‘ಹೇ’ ಎಂಬುದು ಇವೆರಡೂ ಅಲ್ಲದ ಮೂರನೆಯ ವಸ್ತು. ನಮ್ಮ ಕಣದ ಪಕ್ಕದ ಬಣವೆಯನ್ನು ನೋಡಿ ಬೆಳೆದ ನಾವು ‘ಹೇ’ ಎಂದೊಡನೆ ಬೈಹುಲ್ಲನ್ನು ಕಲ್ಪಿಸಿಕೊಳ್ಳುತ್ತೇವೆ. ಅಲ್ಲಿಯೇ ದಾರಿ ತಪ್ಪುವುದು. ನಮ್ಮಲ್ಲಿ ಬೆಳೆ ಬೆಳೆಯುವುದು ಕಾಳಿಗಾಗಿ, ದನಗಳ ಪಾಲಿಗೆ ಬರುವುದು ಉಳಿದ ಕಡ್ಡಿ. ‘ಹೇ’ ಆದರೋ ಮೇವಿಗಾಗಿಯೇ ಬೆಳೆಸಿ, ಬೀಜ ಕಟ್ಟುವ ಮೊದಲು, ಕಾಂಡದಲ್ಲಿ ರಸವೂ ಎಲೆಯಲ್ಲಿ ಸತ್ವವೂ ಇರುವಾಗಲೇ ಕೊಯ್ದು, ಕೆಡದಂತೆ ಒಣಗಿಸಿ, ಚಳಿಗಾಲಕ್ಕೆಂದು ಕೂಡಿಟ್ಟ ಹುಲ್ಲು. ಗದ್ದೆಯಲ್ಲಿ ನಿಂತಿರುವಷ್ಟು ಕಾಲ ಅದು ‘ಹೇ’ ಅಲ್ಲ. ಕೊಯ್ದು, ಹರವಿ, ತಿರುವಿ ಹಾಕಿ, ಒಣಗಿಸಿದ ಮೇಲೆಯೇ ಅದಕ್ಕೆ ಆ ಹೆಸರು. ನಾವು ಬೆಲ್ಲ ಮಾಡುತ್ತೇವೆ, ಹಪ್ಪಳ ಮಾಡುತ್ತೇವೆ ಎನ್ನುವಂತೆ ಅವರು ‘ಹೇ’ ಮಾಡುತ್ತೇವೆ ಎನ್ನುತ್ತಾರೆ. ಆ ಪದದ ಬೇರು ಕೂಡ ಕಡಿ, ಕೊಯ್ಯು ಎಂಬ ಅರ್ಥದ ‘ಹ್ಯೂ’ ಎಂಬ ಹಳೆಯ ಕ್ರಿಯಾಪದಕ್ಕೆ ಸಂಬಂಧಿಸಿದ್ದು. ಎಂದರೆ ಕೊಯ್ದದ್ದು ಎಂಬುದೇ ಅದರ ಮೂಲಾರ್ಥ.

ಇನ್ನು ಬಿಸಿಲಿನ ಮಾತು. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ನವೆಂಬರಿನಿಂದ ಮಾರ್ಚಿಯವರೆಗೆ ಚಳಿಗೆ ಹುಲ್ಲಿನ ಬೆಳವಣಿಗೆ ನಿಂತೇಹೋಗುತ್ತದೆ. ಆ ತಿಂಗಳುಗಳಲ್ಲಿ ದನ, ಕುರಿ, ಕುದುರೆಗಳು ಬದುಕಬೇಕಾದರೆ ಬೇಸಗೆಯಲ್ಲಿಯೇ ಮೇವು ಕೂಡಿಡಬೇಕು. ಅದಕ್ಕಾಗಿ ವಸಂತಕಾಲದಲ್ಲಿಯೇ ದನಗಳನ್ನು ಹೊರಗಟ್ಟಿ ಕೆಲವು ಹುಲ್ಲುಗಾವಲುಗಳನ್ನು ಕಾದಿರಿಸುತ್ತಿದ್ದರು. ಜೂನ್, ಜುಲೈ ತಿಂಗಳಲ್ಲಿ ಕೊಯ್ಲು. ನಸುಕಿನಲ್ಲಿ, ಹುಲ್ಲಿನ ಮೇಲೆ ಇಬ್ಬನಿ ಇರುವಾಗ ಅಲಗು ಚೆನ್ನಾಗಿ ಹರಿಯುತ್ತದೆಂದು, ಗಂಡಸರು ಸಾಲುಗಟ್ಟಿ ನಿಂತು ಉದ್ದ ಹಿಡಿಯ ದೊಡ್ಡ ಕುಡುಗೋಲನ್ನು ಬೀಸುತ್ತ ಕೊಯ್ಯುತ್ತಿದ್ದರು. ಅವರ ಹಿಂದೆಯೇ ಹೆಂಗಸರೂ ಮಕ್ಕಳೂ ಕವೆಗೋಲು ಹಿಡಿದು ಹುಲ್ಲನ್ನು ಕೆದರಿ ಹರವುತ್ತಿದ್ದರು. ಹಗಲೆಲ್ಲ ತಿರುವಿ ಹಾಕಬೇಕು. ಸಂಜೆಯ ಇಬ್ಬನಿ ಬೀಳುವ ಮೊದಲು ಚಿಕ್ಕ ಚಿಕ್ಕ ಗುಪ್ಪೆಗಳಾಗಿ ಕೂಡಿಸಬೇಕು. ಮರುದಿನ ಬಿಸಿಲೇರಿದ ಮೇಲೆ ಮತ್ತೆ ಹರವಬೇಕು. ಹಸಿ ಹುಲ್ಲಿನ ತೂಕದಲ್ಲಿ ಸುಮಾರು ಶೇಕಡ 75ರಿಂದ 80ರಷ್ಟು ನೀರೇ ಇರುತ್ತದೆ. ಅದು 15ರಿಂದ 20ಕ್ಕೆ ಇಳಿದರೆ ಮಾತ್ರ ಹುಲ್ಲು ಬಣವೆಗೆ ಯೋಗ್ಯ. ಹವೆ ಅನುಕೂಲವಾಗಿದ್ದರೂ ಇಷ್ಟಾಗಲು ಮೂರು ನಾಲ್ಕು ದಿನ ಬೇಕು. ಯಾವ ಗಳಿಗೆಯಲ್ಲಾದರೂ ಮಳೆ ಸುರಿಯಬಹುದಾದ ಆ ನಾಡಿನಲ್ಲಿ ಒಂದರ ಹಿಂದೊಂದು ನಾಲ್ಕು ದಿನ ಬಿಸಿಲು ಸಿಗುವುದು ಸುಲಭವಲ್ಲ.

ಕೊಯ್ದ ಹುಲ್ಲಿನ ಮೇಲೆ ಮಳೆ ಬಿದ್ದರೆ ಅದರ ಸತ್ವ ತೊಳೆದುಹೋಗುತ್ತದೆ, ಹುಲ್ಲು ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಮಳೆಗೆ ಹೆದರಿ ಕೊಯ್ಲನ್ನು ಮುಂದೂಡಿದರೆ ಕಾಂಡ ಬಲಿತು ಗಡುಸಾಗಿ ದನಕ್ಕೆ ರುಚಿಸದು. ಅರೆಬರೆ ಒಣಗಿದ್ದನ್ನು ಅವಸರದಲ್ಲಿ ಬಣವೆ ಹಾಕಿದರೆ ಇವೆಲ್ಲಕ್ಕಿಂತ ಹೆಚ್ಚಿನ ಅಪಾಯ. ಹಸಿ ಉಳಿದ ಹುಲ್ಲಿನಲ್ಲಿ ಸೂಕ್ಷ್ಮಾಣುಗಳು ಬೆಳೆದು ಕಾವು ಹುಟ್ಟುತ್ತದೆ; ಹೊರಬರಲು ದಾರಿಯಿಲ್ಲದ ಆ ಕಾವು ಒಳಗೊಳಗೇ ಏರುತ್ತ ಹೋಗಿ, ಕೆಲವು ವಾರಗಳ ಅನಂತರ, ಯಾರೂ ಕಿಡಿ ಸೋಕಿಸದಿದ್ದರೂ ಬಣವೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬಣವೆಯೊಳಕ್ಕೆ ಕಬ್ಬಿಣದ ಸಲಾಕೆ ತೂರಿಸಿಟ್ಟು, ಹೊರಗೆಳೆದು, ಅದರ ಬಿಸಿಯನ್ನು ಕೈಯಿಂದ ಮುಟ್ಟಿ ನೋಡುವ ರೂಢಿ ಅಲ್ಲಿನ ರೈತರಲ್ಲಿತ್ತು. ಆದ್ದರಿಂದ ಈ ಗಾದೆಯಲ್ಲಿರುವುದು ಅವಕಾಶ ಬಂದರೆ ಲಾಭ ಮಾಡಿಕೋ ಎಂಬ ಹಗುರವಾದ ಉಪದೇಶವಲ್ಲ. ತಾನು ಹಿಡಿದಿಡಲಾಗದ ನಾಲ್ಕು ದಿನಗಳಲ್ಲಿ ಇಡೀ ಚಳಿಗಾಲದ ಮೇವನ್ನು ದುಡಿದು ತೀರಿಸಬೇಕಾದ ಒಕ್ಕಲಿನ ಆತಂಕ ಅದರಲ್ಲಿದೆ.

ಈ ಮಾತು ಬರಹದಲ್ಲಿ ಕಾಣಿಸಿಕೊಂಡು ಐದು ಶತಮಾನಗಳೇ ಆಗುತ್ತ ಬಂದಿವೆ. ಜಾನ್ ಹೇವುಡ್ ಎಂಬ ಕವಿ 1546ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗಾದೆಗಳ ಪದ್ಯಸಂಕಲನದಲ್ಲಿ ಇದು ಇದೆ. ಸೂರ್ಯ ಹೊಳೆಯುವಾಗ ಹುಲ್ಲು ಮಾಡಿಕೋ ಎಂದು ಹೇಳಿ, ಎಂದರೆ ಕಾಲ ಬಂದಾಗ ಕಾಲವನ್ನು ಹಿಡಿದುಕೋ, ಇಲ್ಲವಾದರೆ ಅದು ಮೆಲ್ಲಗೆ ಜಾರಿಹೋಗುತ್ತದೆ ಎಂದು ಅರ್ಥವನ್ನೂ ಅವನೇ ವಿವರಿಸುತ್ತಾನೆ. ಹೇವುಡ್ ಜನರ ಬಾಯಲ್ಲಿದ್ದ ಮಾತುಗಳನ್ನು ಸಂಗ್ರಹಿಸಿದವನು, ಆದ್ದರಿಂದ ಗಾದೆ ಅವನಿಗಿಂತ ಹಳೆಯದೆಂದೇ ತಿಳಿಯಬೇಕು. ಶೇಕ್ಸ್‌ಪಿಯರನ ‘ಆರನೆಯ ಹೆನ್ರಿ’ ನಾಟಕದ ಮೂರನೆಯ ಭಾಗದಲ್ಲಿ ದೊರೆ ಎಡ್ವರ್ಡ್ ದಂಡನ್ನು ಹೊರಡಿಸುವಾಗ, ಬಿಸಿಲು ಕಾಯುತ್ತಿದೆ, ತಡಮಾಡಿದರೆ ನಾವು ಆಸೆಯಿಟ್ಟ ಹುಲ್ಲನ್ನು ಕೊರೆಯುವ ಚಳಿಗಾಲ ಹಾಳುಗೆಡವುತ್ತದೆ ಎನ್ನುತ್ತಾನೆ. ಗಾದೆಯನ್ನು ಇಡಿಯಾಗಿ ಹೇಳದೆ ಬರಿಯ ಸೂಚನೆಯಿಂದಲೇ ಪ್ರೇಕ್ಷಕರಿಗೆ ಅರ್ಥ ಮುಟ್ಟುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಿಮ್ಮ ಕೊನೆಯ ಪ್ರಶ್ನೆ. ‘ಗಾಳಿ ಬಂದಾಗ ತೂರಿಕೋ’ ಎಂದು ನೀವು ಹೇಳಿದ್ದು ಸರಿಯೇ. ನನ್ನ ಮಟ್ಟಿಗೆ ಇದಕ್ಕಿಂತ ಒಪ್ಪುವ ಕನ್ನಡ ಮಾತಿಲ್ಲ. ಪದಕ್ಕೆ ಪದವಿಟ್ಟು ‘ಬಿಸಿಲಿದ್ದಾಗ ಹುಲ್ಲು ಒಣಗಿಸು’ ಎಂದರೆ ಕನ್ನಡದಲ್ಲಿ ಅದಕ್ಕೆ ಬಲವೇ ಬರುವುದಿಲ್ಲ, ಏಕೆಂದರೆ ಸುಗ್ಗಿಯ ಕಾಲದ ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ. ಅಲ್ಲಿ ಒಕ್ಕಲಿಗ ದಾರಿ ಕಾಯುವುದು ಗಾಳಿಗಾಗಿ. ಒಕ್ಕಣೆ ಮುಗಿದು ಕಣದಲ್ಲಿ ಕಾಳೂ ಹೊಟ್ಟೂ ಬೆರೆತ ರಾಶಿ ಬಿದ್ದಿರುತ್ತದೆ. ಮೊರದಲ್ಲಿ ತುಂಬಿ ಎತ್ತರದಿಂದ ಸುರಿದಾಗ ಜೊಳ್ಳನ್ನು ಹಾರಿಸಿ ಗಟ್ಟಿ ಕಾಳನ್ನು ಕಾಲಡಿಯಲ್ಲಿ ಉಳಿಸುವುದು ಗಾಳಿಯೇ. ಅದು ನಡುರಾತ್ರಿಯಲ್ಲಿ ಬೀಸಿದರೂ ಎದ್ದು ತೂರಬೇಕು. ಎರಡೂ ಗಾದೆಗಳಲ್ಲಿ ಮನುಷ್ಯ ತನ್ನ ಪಾಲಿನ ದುಡಿಮೆಯನ್ನು ಮುಗಿಸಿ, ತನ್ನ ಅಂಕೆಯಲ್ಲಿಲ್ಲದ ಒಂದಕ್ಕಾಗಿ ಕಾಯುತ್ತಾನೆ. ಅದು ಬಂದೊಡನೆ ಮತ್ತೆ ದುಡಿಯುತ್ತಾನೆ. ಹೋಲಿಕೆ ಇಷ್ಟು ಆಳವಾಗಿರುವುದರಿಂದಲೇ ಒಂದರ ಜಾಗದಲ್ಲಿ ಇನ್ನೊಂದನ್ನು ಧೈರ್ಯವಾಗಿ ಇಡಬಹುದು.

ದುಃಖದ ಸಂಗತಿಯೆಂದರೆ, ಎರಡೂ ಗಾದೆಗಳು ಒಂದೇ ಬಗೆಯಲ್ಲಿ ಬಾಡಿವೆ. ಎದುರಾಳಿಯ ತಪ್ಪನ್ನು ಬಳಸಿಕೊಂಡು ಲಾಭ ಗಳಿಸಿದವನನ್ನು ಕುರಿತು ಇಂಗ್ಲಿಷ್ ಪತ್ರಿಕೆಗಳು ‘ಮೇಡ್ ಹೇ’ ಎನ್ನುತ್ತವೆ; ಪಕ್ಷದಿಂದ ಪಕ್ಷಕ್ಕೆ ನೆಗೆಯುವವರನ್ನು ನಾವು ಗಾಳಿ ಬಂದಾಗ ತೂರಿಕೊಳ್ಳುವವರು ಎನ್ನುತ್ತೇವೆ. ಉಳುಮೆಯಿಂದ ಒಕ್ಕಣೆಯವರೆಗೆ ದುಡಿದವನಿಗೆ ಸಲ್ಲಬೇಕಾದ ಮಾತನ್ನು ಏನೂ ಬಿತ್ತದವನಿಗೆ ಅಂಟಿಸುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಮಕ್ಕಳಿಗೆ ಕಲಿಸುವಾಗಲಾದರೂ ಗಾದೆಯ ಹಿಂದಿನ ದುಡಿಮೆಯನ್ನು ಮೊದಲು ಹೇಳಿ, ಈ ಅರ್ಥವನ್ನು ಆಮೇಲೆ ಹೇಳಬೇಕೆಂದು ನನ್ನ ವಿನಂತಿ. ಇಂದು ಅಲ್ಲಿನ ಅನೇಕ ರೈತರು ಹುಲ್ಲನ್ನು ಹಸಿಯಾಗಿಯೇ ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೈಲೇಜ್, ಎಂದರೆ ರಸಮೇವು, ಮಾಡಿಕೊಳ್ಳುವುದರಿಂದ ಬಿಸಿಲಿನ ಹಂಗು ಎಷ್ಟೋ ಕಡಮೆಯಾಗಿದೆ. ನಮ್ಮಲ್ಲಿಯೂ ಯಂತ್ರಗಳು ಬಂದು ಗಾಳಿಗೆ ಕಾಯುವವರು ಅಪರೂಪವಾಗಿದ್ದಾರೆ. ಹೀಗಾಗಿ ವಿವರಿಸಿ ಹೇಳದ ಹೊರತು ಈ ಮಾತುಗಳ ಹಿಂದಿನ ಆತಂಕ ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲ.

ನಿಮ್ಮ ಊರಿನಲ್ಲಿ ಮಾತ್ರ ವಿವರಣೆಗೆ ಬಹಳ ದೂರ ಹೋಗಬೇಕಾಗಿಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ, ಸುಲಿದು ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿ ಒಳಗೆ ಊಟಕ್ಕೆ ಕುಳಿತಿರುವಾಗ ಹೊರಗೆ ಮೋಡ ಕವಿದರೆ ಮನೆಮಂದಿಯೆಲ್ಲ ಎಂಜಲು ಕೈಯಲ್ಲಿಯೇ ಎದ್ದೋಡುವುದನ್ನು ನಿಮ್ಮ ಮಗಳು ನೋಡಿಯೇ ಇರುತ್ತಾಳೆ. ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ಜುಲೈ ತಿಂಗಳ ಮೋಡ ಕಂಡಾಗಲೂ ಹೀಗೆಯೇ ಓಡುತ್ತಿದ್ದರು ಎಂದು ಆಕೆಗೆ ಹೇಳಿರಿ.